ಸೈಯದ್ ಅಬ್ದುಲ್ ರಹೀಮ್

ಸೈಯದ್ ಅಬ್ದುಲ್ ರಹೀಮ್ (17 ಆಗಸ್ಟ್ 1909 – 11 ಜೂನ್ 1963) ಭಾರತದ ಫುಟ್‌ಬಾಲ್ ತರಬೇತುದಾರರು. ಹೈದರಾಬಾದಿನವರಾದ ಇವರು ವೃತ್ತಿಯಿಂದ ಶಾಲಾ ಶಿಕ್ಷಕರು. 1950ರಿಂದ ತಮ್ಮ ಮರಣದವರೆಗೆ ಹೈದರಾಬಾದ್ ನಗರ ಪೊಲೀಸ್ ತಂಡವನ್ನೂ ಭಾರತದ ರಾಷ್ಟ್ರೀಯ ತಂಡವನ್ನೂ ತರಬೇತುಗೊಳಿಸಿದರು. ಇವರ ಮಾರ್ಗದರ್ಶನದಲ್ಲಿ ಭಾರತವು 1951ರ ದೆಹಲಿ ಹಾಗೂ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಗಳಿಸಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಉಪಾಂತ್ಯ ತಲುಪಿ ನಾಲ್ಕನೆಯ ಸ್ಥಾನ ಪಡೆಯಿತು. ಜಕಾರ್ತಕ್ಕೆ ತಂಡವನ್ನು ಕರೆದೊಯ್ದಾಗ ರಹೀಮರು ಶ್ವಾಸಕೋಶದ ಕ್ಯಾನ್ಸರಿನಿಂದ ಬಳಲುತ್ತಿದ್ದರು. ಆ ವಿಜಯದ ನಂತರ ಒಂದು ವರ್ಷ ತುಂಬುವ ಮೊದಲೇ ನಿಧನರಾದರು. ಗಂಭೀರ ಕಾಯಿಲೆಯಿರುವ ತರಬೇತುದಾರರು ತಮ್ಮ ಹೊಣೆಯನ್ನು ಎಷ್ಟರಮಟ್ಟಿಗೆ ನಿರ್ವಹಿಸಬಲ್ಲರು ಎಂಬ ಪ್ರಶ್ನೆಗೆ ಭಾರತೀಯ ಕ್ರೀಡೆಯಲ್ಲಿ ಸಿಗುವ ಪ್ರಮುಖ ನಿದರ್ಶನ ಇವರ ಬದುಕು.

ಆರಂಭಿಕ ಜೀವನ

ರಹೀಮರು ಹುಟ್ಟಿದ್ದು ನಿಜಾಮರ ಆಳ್ವಿಕೆಯಲ್ಲಿದ್ದ ಹೈದರಾಬಾದ್ ನಗರದಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು. ಅಲ್ಲಿನ ಫುಟ್‌ಬಾಲ್ ತಂಡಕ್ಕೂ ಆಡಿದರು. ಬಳಿಕ ನಗರದ ಸ್ಥಳೀಯ ಕ್ಲಬ್ಬೊಂದರ ಪರವಾಗಿ ಆಡುತ್ತ ಶಿಕ್ಷಕ ವೃತ್ತಿಗೆ ಸೇರಿದರು. ಕಾಚಿಗುಡ, ಚಾದರ್‌ಘಾಟ್ ಮೊದಲಾದ ಕಡೆಗಳ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದ ಮೇಲೆ ಶಾಲೆಯ ಆಟೋಟಗಳ ಹೊಣೆಯೂ ಇವರ ಪಾಲಿಗೆ ಬಂದಿತು.

ಆಟಗಾರರಾಗಿ ರಹೀಮರ ಹೆಸರು ಹೈದರಾಬಾದಿನ ಆಚೆಗೆ ಹೆಚ್ಚು ಹೋಗಲಿಲ್ಲ. ತರಬೇತಿಯ ಕೆಲಸಕ್ಕೆ ಅವರು ತಂದದ್ದು ಮೇಷ್ಟರ ಅಭ್ಯಾಸಗಳನ್ನು: ಪಾಠವನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು, ಒಬ್ಬೊಬ್ಬ ವಿದ್ಯಾರ್ಥಿಯ ಬಲ-ದೌರ್ಬಲ್ಯಗಳನ್ನು ಗುರುತಿಸುವುದು, ಹೇಳಿದ್ದು ಅರ್ಥವಾಗುವವರೆಗೆ ಮತ್ತೆ ಮತ್ತೆ ಹೇಳುವುದು. ಆಟಗಾರರು ಅವರನ್ನು ಗೌರವದಿಂದ ರಹೀಮ್ ಸಾಹೇಬ್ ಎಂದೇ ಕರೆಯುತ್ತಿದ್ದರು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಆಟದ ಆಡಳಿತ ಮತ್ತು ತರಬೇತಿ ಎರಡೂ ಒಬ್ಬರ ಕೈಯಲ್ಲಿದ್ದುದರಿಂದ ನಗರದ ಪಂದ್ಯಾವಳಿಗಳನ್ನೇ ಅವರು ತರಬೇತಿಯ ಸಾಧನವಾಗಿ ಬಳಸಿಕೊಳ್ಳಲು ಸಾಧ್ಯವಾಯಿತು.

ತರಬೇತಿಯ ವಿಧಾನ

ರಹೀಮರು ಹೈದರಾಬಾದಿನಲ್ಲಿ ನಡೆಸಿದ ಸ್ಪರ್ಧೆಗಳು ವಿಶಿಷ್ಟವಾಗಿದ್ದವು. ಒಂದರಲ್ಲಿ ಚೆಂಡನ್ನು ಕಾಲಿನಲ್ಲೇ ಇರಿಸಿಕೊಂಡು ಎದುರಾಳಿಗಳನ್ನು ತಪ್ಪಿಸಿ ಓಡುವುದಕ್ಕೆ, ಅಂದರೆ ಡ್ರಿಬ್ಲಿಂಗ್‌ಗೆ, ಅವಕಾಶವಿರಲಿಲ್ಲ. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ದಾಟಿಸಬೇಕಿತ್ತು. ಇನ್ನೊಂದರಲ್ಲಿ ಆಟಗಾರರು ತಮ್ಮ ದುರ್ಬಲ ಕಾಲಿನಿಂದಷ್ಟೇ ಒದೆಯಬೇಕಿತ್ತು. ಕಡಿಮೆ ಆಟಗಾರರ ತಂಡಗಳ ಪಂದ್ಯಗಳನ್ನೂ ಏರ್ಪಡಿಸುತ್ತಿದ್ದರು. ವೈಯಕ್ತಿಕ ಚಮತ್ಕಾರಕ್ಕೆ ಚಪ್ಪಾಳೆ ಬೀಳುತ್ತಿದ್ದ ಕಾಲದಲ್ಲಿ ವೇಗವಾಗಿ ಪಾಸ್ ಮಾಡುವ, ಎರಡೂ ಕಾಲುಗಳನ್ನು ಬಳಸುವ, ತನ್ನ ಸ್ಥಾನ ಬಿಟ್ಟುಕೊಡದ ಆಟಗಾರರನ್ನು ರೂಪಿಸುವುದು ಇವುಗಳ ಉದ್ದೇಶ.

ಫಲ ಬೇಗನೆ ಕಂಡಿತು. ಹೈದರಾಬಾದ್ ನಗರ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಡುರಾಂಡ್ ಕಪ್ ಕೂಡ ಅದರ ಪಾಲಾಯಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ಪ್ರಾಬಲ್ಯವನ್ನು ದಕ್ಷಿಣದ ಪೊಲೀಸ್ ತಂಡವೊಂದು ಹೀಗೆ ಮುರಿದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಹೈದರಾಬಾದ್ ರಾಜ್ಯ ತಂಡವೂ ಆ ದಶಕದಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಅಜೀಜುದ್ದೀನ್, ನೂರ್ ಮೊಹಮ್ಮದ್, ತುಳಸೀದಾಸ್ ಬಲರಾಮ್ ಮೊದಲಾದವರು ಈ ನಗರದಿಂದಲೇ ರಾಷ್ಟ್ರೀಯ ತಂಡಕ್ಕೆ ಹೋದರು.

ರಹೀಮರ ಬಲವಿದ್ದದ್ದು ಯೋಜನೆಯಲ್ಲಿ ಮತ್ತು ಮಾತಿನಲ್ಲಿ. ಎದುರಾಳಿಯ ಆಟವನ್ನು ನೋಡಿ ತಿಳಿದುಕೊಳ್ಳುವುದು, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವುದು, ಪಂದ್ಯದ ಮುಂಚೆ ಆಟಗಾರರ ಮನಸ್ಸನ್ನು ಹದಗೊಳಿಸುವುದು ಇವುಗಳಿಗೆ ಅವರು ಹೆಸರಾಗಿದ್ದರು. ಅವರ ಕೊನೆಯ ವರ್ಷಗಳನ್ನು ಅರ್ಥಮಾಡಿಕೊಳ್ಳಲು ಈ ಅಂಶ ಮುಖ್ಯ.

ರಾಷ್ಟ್ರೀಯ ತಂಡದಲ್ಲಿ

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತ ಇರಾನನ್ನು 1–0 ಅಂತರದಿಂದ ಸೋಲಿಸಿತು. ಗೋಲು ಹೊಡೆದವರು ಸಾಹು ಮೇವಾಲಾಲ್. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಇದೇ ಭಾರತವನ್ನು 10–1ರಿಂದ ಮಣಿಸಿತು. ಭಾರತದ ಬಹುತೇಕ ಆಟಗಾರರು ಚಳಿಯಲ್ಲಿ ಬರಿಗಾಲಿನಲ್ಲಿ ಆಡಿದ್ದರು. ಭಾರತದ ಏಕೈಕ ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು. ಈ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. ರಹೀಮರೂ ತಮ್ಮ ರಕ್ಷಣಾ ವ್ಯೂಹವನ್ನು ಹೊಸದಾಗಿ ಕಟ್ಟಿದರು. ದೇಶದೊಳಗಿನ ಪಂದ್ಯಗಳು ಆಗ 90 ನಿಮಿಷಕ್ಕಿಂತ ಕಡಿಮೆ ಅವಧಿಯವಾಗಿದ್ದುದರಿಂದ, ಪೂರ್ಣಾವಧಿಯ ಅಂತರರಾಷ್ಟ್ರೀಯ ಪಂದ್ಯಕ್ಕೆ ಬೇಕಾದ ದೈಹಿಕ ಸಾಮರ್ಥ್ಯವನ್ನು ಆಟಗಾರರಲ್ಲಿ ಬೆಳೆಸುವುದು ಅವರ ಮುಂದಿದ್ದ ಮತ್ತೊಂದು ಸವಾಲು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬದಲಾವಣೆ ಎದ್ದು ಕಂಡಿತು. ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಗಳಿಸಿದರು. ಉಪಾಂತ್ಯದಲ್ಲಿ ಅದೇ ಯುಗೊಸ್ಲಾವಿಯದ ವಿರುದ್ಧ ಭಾರತವೇ ಮೊದಲು ಗೋಲು ಹೊಡೆಯಿತಾದರೂ ಕೊನೆಗೆ 4–1ರಿಂದ ಸೋತಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಕ್ಕೆ 3–0ರಿಂದ ಮಣಿಯಿತು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಉಪಾಂತ್ಯ ತಲುಪಿದ ಮೊದಲ ಏಷ್ಯನ್ ತಂಡ ಇದು. ಕನ್ನಡನಾಡಿನ ಕೆಂಪಯ್ಯ ಈ ತಂಡದಲ್ಲಿದ್ದರು.

1958ರ ಟೋಕಿಯೊ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕನೆಯ ಸ್ಥಾನ ಸಿಕ್ಕಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪಿ. ಕೆ. ಬ್ಯಾನರ್ಜಿ ನಾಯಕತ್ವದ ತಂಡ ಹಂಗೇರಿಯೊಡನೆ 1–2ರಿಂದ ಸೋತು, ಫ್ರಾನ್ಸ್ ಜೊತೆ 1–1ರಲ್ಲಿ ಸಮ ಮಾಡಿಕೊಂಡು, ಪೆರು ಎದುರು 1–3ರಿಂದ ಪರಾಭವಗೊಂಡು ಮೊದಲ ಹಂತದಲ್ಲೇ ಹೊರಬಿತ್ತು. ಅಂಕಪಟ್ಟಿಯಲ್ಲಿ ಕೊನೆಯ ಸ್ಥಾನ ಸಿಕ್ಕರೂ ಹಂಗೇರಿ, ಫ್ರಾನ್ಸ್‌ಗಳಂಥ ತಂಡಗಳಿಗೆ ಸರಿಸಮವಾಗಿ ಆಡಿದ್ದು ಹೆಲ್ಸಿಂಕಿಯಿಂದ ಎಂಟೇ ವರ್ಷಗಳಲ್ಲಿ ತಂಡ ಸಾಗಿದ ದೂರವನ್ನು ತೋರಿಸುತ್ತದೆ.

ಜಕಾರ್ತ, 1962

1962ರ ಏಷ್ಯನ್ ಕ್ರೀಡಾಕೂಟಕ್ಕೆ ತಂಡ ಹೊರಟಾಗ ರಹೀಮರಿಗೆ 53 ವರ್ಷ. ಕಾಯಿಲೆ ಅವರ ದೇಹವನ್ನು ಆಗಲೇ ಹಿಡಿದಿತ್ತು. ಚುನಿ ಗೋಸ್ವಾಮಿ ನಾಯಕರಾಗಿದ್ದ ಆ ತಂಡದಲ್ಲಿ ಪಿ. ಕೆ. ಬ್ಯಾನರ್ಜಿ, ಬಲರಾಮ್, ಜರ್ನೈಲ್ ಸಿಂಗ್, ಅರುಣ್ ಘೋಷ್, ಯೂಸುಫ್ ಖಾನ್, ಪೀಟರ್ ತಂಗರಾಜ್ ಮೊದಲಾದವರಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಅರುಮೈನಾಯಗಂ ಕೂಡ ತಂಡದ ಸದಸ್ಯರು.

ಆರಂಭ ಚೆನ್ನಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ 2–0ರಿಂದ ಗೆದ್ದಿತು. ನಂತರ ಭಾರತ ಥಾಯ್ಲೆಂಡನ್ನು 4–1ರಿಂದಲೂ ಜಪಾನನ್ನು 2–0ರಿಂದಲೂ ಸೋಲಿಸಿ ಉಪಾಂತ್ಯಕ್ಕೆ ಬಂದಿತು. ಆದರೆ ಈ ಗೆಲುವುಗಳಿಗೆ ಬೆಲೆ ತೆರಬೇಕಾಯಿತು. ರಕ್ಷಣೆಯ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ಅವರಿಗೆ ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಜಪಾನ್ ವಿರುದ್ಧ ಅವರು ಆಡಲಿಲ್ಲ. ಗೋಲ್‌ಕೀಪರ್ ತಂಗರಾಜ್ ಜ್ವರದಿಂದ ಮಲಗಿದ್ದರು. ಅವರ ಬದಲು ಪ್ರದ್ಯುತ್ ಬರ್ಮನ್ ಗೋಲು ಕಾದರು.

ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಇನ್ನೂ ಬೇರೂರಿರದ ಕಾಲವದು. ಪೂರ್ತಿ ಗುಣವಾಗದ ಆಟಗಾರನೊಬ್ಬನನ್ನು ಕಣಕ್ಕಿಳಿಸಿ, ಅವನು ನಡುವೆ ಕುಸಿದರೆ ಉಳಿದ ಹತ್ತು ಮಂದಿಯೇ ಪಂದ್ಯ ಮುಗಿಸಬೇಕಾಗುವ ಅಪಾಯವಿತ್ತು. ದಕ್ಷಿಣ ವಿಯೆಟ್ನಾಂ ವಿರುದ್ಧದ ಉಪಾಂತ್ಯಕ್ಕೆ ರಹೀಮರು ಜರ್ನೈಲ್ ಅವರನ್ನು ಕೈಬಿಡಲಿಲ್ಲ. ತಲೆಯ ಗಾಯವಿದ್ದ ರಕ್ಷಣಾ ಆಟಗಾರ ಮತ್ತೆ ಮತ್ತೆ ಚೆಂಡಿಗೆ ತಲೆ ಕೊಡಬೇಕಾದ ಹಿಂಬದಿಯ ಬದಲು ಅವರನ್ನು ಮುಂಚೂಣಿಗೆ ಕಳುಹಿಸಿದರು. ಭಾರತ 3–2ರಿಂದ ಗೆದ್ದಿತು. ಗೋಲು ಹೊಡೆದವರಲ್ಲಿ ಜರ್ನೈಲ್ ಕೂಡ ಒಬ್ಬರು. ಅಂತಿಮ ಪಂದ್ಯದ ವೇಳೆಗೆ ಜ್ವರದಿಂದ ಚೇತರಿಸಿಕೊಂಡಿದ್ದ ತಂಗರಾಜ್ ಅವರನ್ನು ಗೋಲಿಗೆ ಮರಳಿ ತಂದರು. ಬರ್ಮನ್ ಚೆನ್ನಾಗಿಯೇ ಆಡುತ್ತಿದ್ದುದರಿಂದ ಇದು ಸುಲಭದ ನಿರ್ಧಾರವಾಗಿರಲಿಲ್ಲ. ಯಾರ ದೇಹ ಎಷ್ಟು ತಾಳಬಲ್ಲುದು ಎಂಬ ಈ ತೀರ್ಮಾನಗಳನ್ನೆಲ್ಲ ಕೈಗೊಂಡ ವ್ಯಕ್ತಿಯೇ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಸ್ವಸ್ಥರಾಗಿದ್ದರು.

ಮೈದಾನದ ಹೊರಗಿನ ಪರಿಸ್ಥಿತಿಯೂ ಪ್ರತಿಕೂಲವಾಗಿತ್ತು. ಇಂಡೋನೇಷ್ಯ ಸರ್ಕಾರ ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಪ್ರವೇಶ ನೀಡಿರಲಿಲ್ಲ. ಏಷ್ಯನ್ ಕ್ರೀಡಾಕೂಟದ ಸ್ಥಾಪಕರಲ್ಲೊಬ್ಬರಾದ ಭಾರತದ ಜಿ. ಡಿ. ಸೋಂಧಿ ಇದನ್ನು ವಿರೋಧಿಸಿ, ಕೂಟದ ಮಾನ್ಯತೆಯನ್ನೇ ಪ್ರಶ್ನಿಸಿದರು. ಇದರಿಂದ ಕೆರಳಿದ ಗುಂಪುಗಳು ಜಕಾರ್ತದ ಭಾರತೀಯ ರಾಯಭಾರ ಕಚೇರಿಯ ಮೇಲೆ ದಾಳಿ ನಡೆಸಿದವು. ಆಟಗಾರರು ಬಸ್ಸಿನಲ್ಲಿ ಓಡಾಡುವುದಕ್ಕೂ ಅಂಜುವಂತಾಯಿತು. ಅಂತಿಮ ಪಂದ್ಯದ ಹಿಂದಿನ ದಿನ ರಹೀಮರು ಆಟಗಾರರನ್ನು ಕೂಡಿಸಿ, ನಾಳೆಯ ಗೆಲುವನ್ನು ತಮಗೆ ಉಡುಗೊರೆಯಾಗಿ ಕೊಡಬೇಕೆಂದು ಕೇಳಿಕೊಂಡರೆಂದು ತಂಡದವರು ನಂತರ ಸ್ಮರಿಸಿದ್ದಾರೆ.

1962ರ ಸೆಪ್ಟೆಂಬರ್ 4ರಂದು ಸೆನಯಾನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರು ನೆರೆದಿದ್ದರು. ಅವರಲ್ಲಿ ಬಹುಪಾಲು ಭಾರತದ ಸೋಲನ್ನೇ ಬಯಸಿದ್ದರು. ಎದುರಾಳಿ, ಮೊದಲ ಪಂದ್ಯದಲ್ಲಿ ಸೋಲಿಸಿದ್ದ ಅದೇ ದಕ್ಷಿಣ ಕೊರಿಯ. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಮೂರು ನಿಮಿಷಗಳ ನಂತರ ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್ ಎರಡನೆಯದನ್ನು ಗಳಿಸಿದರು. ಕೊರಿಯ ಪಂದ್ಯದ ಕೊನೆಯ ಭಾಗದಲ್ಲಿ ಒಂದು ಗೋಲು ಹಿಂದಿರುಗಿಸಿತಾದರೂ ಭಾರತ 2–1ರಿಂದ ಚಿನ್ನ ಗೆದ್ದಿತು.

ಕಾಯಿಲೆ ಮತ್ತು ತರಬೇತುದಾರನ ಹೊಣೆ

ಶ್ವಾಸಕೋಶದ ಕ್ಯಾನ್ಸರ್ ಕೆಮ್ಮು, ಏದುಸಿರು, ಎದೆನೋವು, ತೂಕ ಇಳಿಕೆ, ತೀವ್ರ ಆಯಾಸಗಳನ್ನು ಉಂಟುಮಾಡುತ್ತದೆ. ದನಿ ಕುಗ್ಗುವುದೂ ಉಂಟು. ಮೈದಾನದಂಚಿನಲ್ಲಿ ನಿಂತು ಕೂಗಿ ಹೇಳುವ, ಆಟಗಾರರೊಡನೆ ಓಡಿ ತೋರಿಸುವ, ದೂರದ ಪ್ರಯಾಣಗಳನ್ನು ಮಾಡುವ ವೃತ್ತಿಗೆ ಇವೆಲ್ಲವೂ ನೇರ ಅಡ್ಡಿಗಳು. 1960ರ ದಶಕದ ಆರಂಭದಲ್ಲಿ ಈ ಕಾಯಿಲೆಗೆ ಚಿಕಿತ್ಸೆಯ ದಾರಿಗಳೂ ಬಹಳ ಕಡಿಮೆ. ಶಸ್ತ್ರಚಿಕಿತ್ಸೆ ಮತ್ತು ವಿಕಿರಣವೇ ಮುಖ್ಯವಾಗಿದ್ದವು.

ಆದರೆ ತರಬೇತುದಾರನ ಕೆಲಸವೆಲ್ಲವೂ ಒಂದೇ ಬಗೆಯದಲ್ಲ. ದೇಹಬಲ ಬೇಡುವ ಭಾಗ ಒಂದು. ಅನುಭವ, ತೀರ್ಪು, ಆಟಗಾರರ ವಿಶ್ವಾಸ ಬೇಡುವ ಭಾಗ ಇನ್ನೊಂದು. ಜಕಾರ್ತದಲ್ಲಿ ಫಲಿತಾಂಶವನ್ನು ನಿರ್ಧರಿಸಿದ್ದು ಈ ಎರಡನೆಯದು. ಜರ್ನೈಲ್ ಅವರ ಸ್ಥಾನ ಬದಲಾವಣೆಗೂ ತಂಗರಾಜ್ ಅವರ ಆಯ್ಕೆಗೂ ಓಟದ ಶಕ್ತಿ ಬೇಕಿರಲಿಲ್ಲ. ತಂಡದ ಹಲವರು ವರ್ಷಗಟ್ಟಲೆ ರಹೀಮರ ಕೈಕೆಳಗೆ ಆಡಿದವರು. ಬ್ಯಾನರ್ಜಿ, ಬಲರಾಮ್ ಅವರು 1956ರಿಂದಲೂ ಜೊತೆಗಿದ್ದರು. ಹೇಳಬೇಕಾದುದರ ಬಹುಭಾಗವನ್ನು ರಹೀಮರು ಮೊದಲೇ ಹೇಳಿಯಾಗಿತ್ತು. ಹೊಸ ತಂಡವೊಂದನ್ನು ಮೊದಲಿನಿಂದ ಕಟ್ಟಬೇಕಾಗಿದ್ದರೆ ಅದೇ ಸ್ಥಿತಿಯಲ್ಲಿ ಅವರು ಯಶಸ್ವಿಯಾಗುತ್ತಿದ್ದರೆಂದು ಹೇಳುವುದು ಕಷ್ಟ.

ಇದರ ಇನ್ನೊಂದು ಮುಖವೂ ಇದೆ. ಎಲ್ಲ ಜ್ಞಾನವೂ ಒಬ್ಬರಲ್ಲೇ ಕೇಂದ್ರೀಕೃತವಾಗಿದ್ದ ವ್ಯವಸ್ಥೆಯಲ್ಲಿ ಆ ಒಬ್ಬರ ಆರೋಗ್ಯವೇ ಇಡೀ ತಂಡದ ಆರೋಗ್ಯವಾಗುತ್ತದೆ. ಹೈದರಾಬಾದ್ ಪೊಲೀಸ್ ತಂಡ, ನಗರದ ಫುಟ್‌ಬಾಲ್ ಸಂಸ್ಥೆ, ರಾಷ್ಟ್ರೀಯ ತಂಡ ಮೂರೂ ರಹೀಮರ ಮೇಲೆ ನಿಂತಿದ್ದವು. ರಾಷ್ಟ್ರೀಯ ತಂಡಕ್ಕೆ ಅವರು ಬದುಕಿರುವಾಗಲೇ ಪಳಗಿದ ಉತ್ತರಾಧಿಕಾರಿಯೊಬ್ಬರು ಸಿದ್ಧವಾಗಲಿಲ್ಲ. ಆಟಗಾರರ ದೈಹಿಕ ಕ್ಷಮತೆಯನ್ನು ಅಳೆಯುವ ಬಗ್ಗೆ ಇದ್ದಷ್ಟು ಕಾಳಜಿ ತರಬೇತುದಾರರ ಆರೋಗ್ಯದ ಬಗ್ಗೆ ಫುಟ್‌ಬಾಲ್ ಲೋಕದಲ್ಲಿ ಬಹುಕಾಲ ಇರಲಿಲ್ಲ. ಸ್ಕಾಟ್ಲೆಂಡ್ ತಂಡದ ತರಬೇತುದಾರ ಜಾಕ್ ಸ್ಟೈನ್ 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧದ ಪಂದ್ಯ ಮುಗಿಯುವ ಹೊತ್ತಿಗೆ ಮೈದಾನದ ಬದಿಯಲ್ಲೇ ಕುಸಿದು ತೀರಿಕೊಂಡರು. ಅವರ ಹೃದ್ರೋಗ ಹಳೆಯದಾಗಿತ್ತು. ಅಲ್ಲಿ ಸಹಾಯಕರಾಗಿದ್ದ ಅಲೆಕ್ಸ್ ಫರ್ಗ್ಯೂಸನ್ ತಂಡದ ಹೊಣೆಯನ್ನು ಕೂಡಲೇ ವಹಿಸಿಕೊಂಡರು. ಭಾರತಕ್ಕೆ ಅಂಥ ಅನುಕೂಲ ಒದಗಲಿಲ್ಲ.

ನಿಧನ ಮತ್ತು ನಂತರ

ಜಕಾರ್ತದಿಂದ ಮರಳಿದ ಮೇಲೆ ರಹೀಮರ ಕಾಯಿಲೆ ಉಲ್ಬಣಿಸಿ ಅವರು ಹಾಸಿಗೆ ಹಿಡಿದರು. 1963ರ ಜೂನ್ 11ರಂದು ಕೊನೆಯುಸಿರೆಳೆದರು.

1964ರಲ್ಲಿ ಇಸ್ರೇಲಿನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಇಂಗ್ಲೆಂಡಿನ ಹ್ಯಾರಿ ರೈಟ್ ತರಬೇತಿಯಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು. ರಹೀಮರು ತಿದ್ದಿದ ಆಟಗಾರರು ಆ ತಂಡದಲ್ಲಿ ಇನ್ನೂ ಇದ್ದರು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಸಿಗಲಿಲ್ಲ. 1960ರ ನಂತರ ಭಾರತದ ಪುರುಷರ ತಂಡ ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಮತ್ತೆ ಆಡಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ 1970ರ ಬ್ಯಾಂಕಾಕ್ ಕೂಟದ ಕಂಚೇ ಅನಂತರದ ಏಕೈಕ ಪದಕ. ಆ ತಂಡದ ನಾಯಕ ಹೈದರಾಬಾದಿನ ಸೈಯದ್ ನಯೀಮುದ್ದೀನ್. ಈ ಇಳಿಮುಖಕ್ಕೆ ರಹೀಮರ ಸಾವೊಂದೇ ಕಾರಣವೆನ್ನುವುದು ಅತಿಸರಳೀಕರಣ. ಜಪಾನ್, ಕೊರಿಯ, ಇರಾನ್‌ಗಳು ಆ ದಶಕಗಳಲ್ಲಿ ವೇಗವಾಗಿ ಮುಂದುವರಿದವು. ಭಾರತದಲ್ಲಿ ಆಟದ ಆಡಳಿತ ಹಳೆಯ ಜಾಡಿನಲ್ಲೇ ಉಳಿಯಿತು. ಹೈದರಾಬಾದಿನ ಮಟ್ಟಿಗೆ ಮಾತ್ರ ನಷ್ಟ ಬೇಗ ಗೋಚರಿಸಿತು: ದೇಶಕ್ಕೆ ಸಾಲುಸಾಲಾಗಿ ಆಟಗಾರರನ್ನು ಕೊಟ್ಟ ನಗರ ಕ್ರಮೇಣ ಫುಟ್‌ಬಾಲ್ ಭೂಪಟದ ಅಂಚಿಗೆ ಸರಿಯಿತು.

ಶ್ರೇಷ್ಠ ತರಬೇತುದಾರರಿಗೆ ನೀಡುವ ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪನೆಯಾದದ್ದು 1985ರಲ್ಲಿ. ರಹೀಮರ ಕಾಲದಲ್ಲಿ ತರಬೇತುದಾರರಿಗೆ ರಾಷ್ಟ್ರಮಟ್ಟದ ಅಂಥ ಗೌರವ ಇರಲಿಲ್ಲ. ಹೊಸ ತಲೆಮಾರಿನ ಬಹುಪಾಲು ಜನರಿಗೆ ಅವರ ಹೆಸರು ಪರಿಚಯವಾದದ್ದು 2024ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ಮೈದಾನ್ ಮೂಲಕ. ಅಮಿತ್ ಶರ್ಮಾ ನಿರ್ದೇಶನದ ಈ ಚಿತ್ರದಲ್ಲಿ ರಹೀಮರ ಪಾತ್ರವನ್ನು ಅಜಯ್ ದೇವಗನ್ ವಹಿಸಿದ್ದಾರೆ. ಚಿತ್ರದಲ್ಲಿ ನಾಟಕೀಯತೆಗಾಗಿ ಸೇರಿಸಿದ ಸನ್ನಿವೇಶಗಳೂ ಇರುವುದರಿಂದ ಅದನ್ನು ಜೀವನಚರಿತ್ರೆಯ ಆಕರವೆಂದು ಪೂರ್ತಿಯಾಗಿ ನಂಬುವಂತಿಲ್ಲ.

ಕುಟುಂಬ

ರಹೀಮರ ಮಗ ಸೈಯದ್ ಶಾಹಿದ್ ಹಕೀಮ್ ಕೂಡ ಫುಟ್‌ಬಾಲ್ ಆಟಗಾರರು. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ, ತಂದೆಯೇ ತರಬೇತುದಾರರಾಗಿದ್ದ ತಂಡದಲ್ಲಿ ಅವರಿದ್ದರಾದರೂ ಯಾವುದೇ ಪಂದ್ಯದಲ್ಲಿ ಆಡುವ ಅವಕಾಶ ಸಿಗಲಿಲ್ಲ. ಭಾರತೀಯ ವಾಯುಪಡೆಯಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದ ಹಕೀಮ್, ಅಂತರರಾಷ್ಟ್ರೀಯ ರೆಫರಿಯಾಗಿಯೂ ತರಬೇತುದಾರರಾಗಿಯೂ ದುಡಿದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ. ಕೆ. ಬ್ಯಾನರ್ಜಿ ಅವರಿಗೆ ಸಹಾಯಕರಾಗಿದ್ದರು. ಧ್ಯಾನ್‌ಚಂದ್ ಪ್ರಶಸ್ತಿಗೆ ಪಾತ್ರರಾದ ಅವರು 2021ರ ಆಗಸ್ಟ್ 22ರಂದು ಕರ್ನಾಟಕದ ಕಲಬುರಗಿಯಲ್ಲಿ ನಿಧನರಾದರು.